ಮಕ್ಕಳು ಕೇಳುವ ಹಾಡು ನಾವೂ ಒಮ್ಮೆ ಕೇಳಬಾರದೇಕೆ?



ಕಳೆದ ಸಂಚಿಕೆಯಲ್ಲಿ ಜೋಳದ ಹಪ್ಪಳ, ಸಂಡಿಗೆಗಳ ವಿಷಯ ಬರೆದಿದ್ದೆ. ಬಿಸಿಲಿಗೆ ಹಾಕಿದ ಹಪ್ಪಳವನ್ನು ಕಾಗೆಯಿಂದ ಕಾಯುವುದು ಹೇಗೆಂದು ಅನೇಕರು ಕೇಳಿದ್ದೀರಿ. ಅದಕ್ಕೆ ಮುಂದಿನ ಸಲ ಉತ್ತರಿಸುತ್ತೇನೆ. ಈ ಸಲ ಬೇರೆಯದೇ ಒಂದು ಪತ್ರ ನನ್ನ ಮನಸ್ಸನ್ನು ಹಿಡಿದು ಕೂತಿದೆ. ಒಬ್ಬ ತಾಯಿ ಹೀಗೆ ಬರೆದಿದ್ದಾರೆ: "ನನ್ನ ಮಗ ಇಡೀ ದಿನ ಕಿವಿಗೆ ವೈರು ಸಿಕ್ಕಿಸಿಕೊಂಡು ಇಂಗ್ಲಿಷ್ ಕಿರುಚಾಟದ ಹಾಡು ಕೇಳುತ್ತಾನೆ. ಹಾಡಿನ ಚಿತ್ರಗಳಲ್ಲಿ ಬರೀ ಗೋರಿ, ಕಾಗೆ, ಕಪ್ಪು ಬಟ್ಟೆ. ಹುಡುಗನ ತಲೆ ಕೆಟ್ಟೀತೆ?"

ಈ ಪತ್ರ ಓದಿ ನನಗೆ ನಗು ಬಂತು. ಆಮೇಲೆ ಕಣ್ಣಲ್ಲಿ ನೀರೂ ಬಂತು. ಇದೇ ಪ್ರಶ್ನೆಯನ್ನು ಎರಡು ವರ್ಷದ ಹಿಂದೆ ನಾನೂ ಕೇಳಿದ್ದೆ. ಕೇಳಿದ್ದಷ್ಟೇ ಅಲ್ಲ, ಉತ್ತರಕ್ಕೆ ಕಾಯದೆ ಒಂದು ತಪ್ಪನ್ನೂ ಮಾಡಿದ್ದೆ. ಆ ತಪ್ಪಿನ ಕತೆಯನ್ನು ನಿಮ್ಮ ಮುಂದೆ ಇಡುತ್ತೇನೆ. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು.

ನಮ್ಮದು ಯಾದಗಿರಿ. ಮನೆಯ ಪಡಸಾಲೆಗೆ ಶಹಾಬಾದಿ ಪರಸಿ ಹಾಸಿದೆ. ಬೇಸಿಗೆಯಲ್ಲಿ ತಂಪಾಗಿರುತ್ತದೆಂದು ಮಗನ ಗೆಳೆಯರು ಅಲ್ಲೇ ಬಿದ್ದುಕೊಂಡಿರುತ್ತಾರೆ. ಮುಖ್ಯವಾಗಿ ಮೂವರು. ಒಬ್ಬ ನನ್ನ ಮಗ. ಇನ್ನೊಬ್ಬ ಶಹಾಪುರದವನು, ಮೋಟಾರು ರಿವೈಂಡಿಂಗ್ ಕೆಲಸ ಕಲಿತವನು. ಮೂರನೆಯವನು ಸುರಪುರದವನು. ಮೂವರೂ ಪಿಯುಸಿಯಲ್ಲಿ ಇಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಹೆಸರು ಹೇಳಿದರೆ ಹುಡುಗರು ನಾಚಿಕೊಂಡಾರು, ಆದ್ದರಿಂದ ಊರಿನ ಹೆಸರಿನಿಂದಲೇ ಕರೆಯುತ್ತೇನೆ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಇವರ ಸಭೆ ಶುರು. ಒಂದು ಸಣ್ಣ ಡಬ್ಬಿಯಂಥ ಸ್ಪೀಕರಿಗೆ ಫೋನು ಜೋಡಿಸಿ ಒಂದು ಇಡೀ ಆಲ್ಬಂ ಹಚ್ಚುತ್ತಾರೆ. ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ನಡುವೆ ಒಂದನ್ನೂ ಜಿಗಿಸುವಂತಿಲ್ಲ, ಮಾತಾಡುವಂತಿಲ್ಲ. ಅದು ಅವರ ಕಟ್ಟುನಿಟ್ಟು. ಹಾಡು ಮುಗಿದ ಮೇಲೆ ಚರ್ಚೆ. ಈ ಹಾಡು ಮೂರನೆಯದಾಗಿ ಯಾಕೆ ಬಂತು, ಕೊನೆಗೆ ಇದ್ದರೆ ಚಂದ ಇರುತ್ತಿತ್ತಲ್ಲವೆ, ಇಲ್ಲಿ ಡ್ರಮ್ಮು ಯಾಕೆ ನಿಂತಿತು, ಹಿಂದಿನ ಆಲ್ಬಮ್ಮಿಗಿಂತ ಧ್ವನಿ ಯಾಕೆ ತೆಳುವಾಯಿತು, ಹೀಗೆ. ಒಂದು ನೋಟ್‌ಬುಕ್ಕಿನಲ್ಲಿ ಹತ್ತಕ್ಕೆ ಇಷ್ಟೆಂದು ಅಂಕ ಕೂಡ ಬರೆಯುತ್ತಾರೆ. ಪರೀಕ್ಷೆಗೆ ಹೀಗೆ ಓದಿದ್ದರೆ ಎಂದು ನಮ್ಮ ಮನೆಯವರು ಗೊಣಗುತ್ತಿದ್ದರು.

ಆ ಹಾಡೋ, ನನಗೆ ಹಾಡಾಗಿ ಕೇಳುತ್ತಿರಲಿಲ್ಲ. ಗಂಡಸೊಬ್ಬ ಬಾವಿಯೊಳಗಿಂದ ಗುರುಗುಟ್ಟಿದಂತೆ. ಅದರ ಹಿಂದೆ ದಾಲ್ ಮಿಲ್ಲಿನ ಸಪ್ಪಳ. ಪಕ್ಕದ ಮನೆಯ ಅಜ್ಜಿ ಗೋಡೆಯ ಆಚೆಯಿಂದಲೇ, "ಏನವಾ, ನಿಮ್ಮನ್ಯಾಗ ದೆವ್ವ ಬಿಡಸ್ಲಿಕ್ಕತ್ತೀರೇನು?" ಎಂದು ಕೂಗಿದರು. ನನಗೆ ಅವಮಾನವಾಯಿತು.

ಇದೇ ಹೊತ್ತಿಗೆ ಸುರಪುರದ ಹುಡುಗನ ತಂದೆ ಎದೆನೋವಿನಿಂದ ತೀರಿಕೊಂಡರು. ಐವತ್ತೂ ತುಂಬಿರದ ಮನುಷ್ಯ. ಬೆಳಿಗ್ಗೆ ಹೊಲಕ್ಕೆ ಹೋದವರು ಮನೆಗೆ ಬರಲಿಲ್ಲ. ದಿನಕರ್ಮ ಮುಗಿದು ತಿಂಗಳಾದ ಮೇಲೆ ಹುಡುಗ ಮತ್ತೆ ನಮ್ಮ ಪಡಸಾಲೆಗೆ ಬಂದ. ಮಾತು ಕಡಿಮೆಯಾಗಿತ್ತು. ಅಂದು ಅವರು ಹಚ್ಚಿದ ಆಲ್ಬಮ್ಮಿನ ಹೆಸರನ್ನು ನನ್ನ ಮಗಳು ಕನ್ನಡದಲ್ಲಿ ಬಿಡಿಸಿ ಹೇಳಿದಳು. "ಜಗತ್ತು ಕುಸಿದು ಬೀಳಾಕತ್ತೈತಿ ಅಂತ ಅರ್ಥ ಯವ್ವಾ. ಅದರೊಳಗಿನ ಒಂದು ಹಾಡಿನ ಹೆಸರು, ಎಲ್ಲಾನೂ ಸಾಯ್ತದ ಅಂತ."

ನನ್ನ ಎದೆ ಧಸಕ್ಕೆಂದಿತು. ತಂದೆಯನ್ನು ಕಳೆದುಕೊಂಡ ಹುಡುಗನಿಗೆ ಸಾವಿನ ಹಾಡೇ? ಸರ್ರನೆ ಹೋಗಿ ಸ್ಪೀಕರಿನ ವೈರು ಕಿತ್ತೆ. "ಇವತ್ತಿಂದ ನಮ್ಮನ್ಯಾಗ ಈ ಹಾಡು ಬ್ಯಾಡ. ದೇವರ ಪದ ಹಚ್ಚೋದಿದ್ರ ಹಚ್ರಿ, ಇಲ್ಲಾಂದ್ರ ಎದ್ದು ನಡೀರಿ" ಅಂದೆ. ಮೂವರೂ ಮಾತಾಡಲಿಲ್ಲ. ಸುರಪುರದವನು ಚಪ್ಪಲಿ ಹಾಕಿಕೊಂಡು, "ಬರ್ತೀನ್ರಿ ಅವ್ವಾರ" ಎಂದು ಹೊರಟ. ನಾನು ಒಳ್ಳೆಯದನ್ನೇ ಮಾಡಿದೆನೆಂದು ತಿಳಿದು ನೆಮ್ಮದಿಯಿಂದ ಚಹಾ ಕುಡಿದೆ.

ಮೂರು ಭಾನುವಾರ ಪಡಸಾಲೆ ತಣ್ಣಗಿತ್ತು. ನಾಲ್ಕನೆಯ ವಾರ ಸುರಪುರದಿಂದ ಆ ಹುಡುಗನ ತಾಯಿಯ ಫೋನು ಬಂತು. "ಅಕ್ಕಾರ, ನನ್ನ ಮಗ ನಿಮ್ಮ ಮನೀಗೆ ಬರೋದು ಯಾಕ ಬಿಟ್ಟ? ಮೊದಲ ಆ ಹಾಳ ಹಾಡರ ಕೇಳ್ತಿದ್ದ, ಐತವಾರ ಬಂದ್ರ ಅಂಗಿ ಇಸ್ತ್ರಿ ಮಾಡ್ಕೊಂಡು ಬಸ್ಸು ಹತ್ತತಿದ್ದ. ಈಗ ಹಾಡೂ ಇಲ್ಲ, ಮಾತೂ ಇಲ್ಲ. ಗಂಗಾಳದಾಗಿನ ರೊಟ್ಟಿ ಹಂಗ ಇರ್ತದ. ರಾತ್ರಿಯೆಲ್ಲ ಅಂಗಳದಾಗ ಕುಂಡರ್ತಾನ. ನನಗ ಅಂಜಿಕಿ ಬರ್ಲಿಕ್ಕತ್ತೈತ್ರಿ."

ಸೋದರಿಯರೇ, ಆ ಫೋನು ಇಟ್ಟ ಮೇಲೆ ನನ್ನ ಕೈಕಾಲು ತಣ್ಣಗಾದವು. ನಾನು ಕಿತ್ತದ್ದು ವೈರನ್ನಷ್ಟೇ ಅಲ್ಲ, ಆ ಹುಡುಗನಿಗೆ ವಾರಕ್ಕೊಮ್ಮೆ ಸಿಗುತ್ತಿದ್ದ ಜೊತೆಯನ್ನೂ ಕಿತ್ತುಬಿಟ್ಟಿದ್ದೆ.

ಮರುದಿನ ಮಗನನ್ನು ಕರೆದುಕೊಂಡು ಬಸ್ಸು ಹತ್ತಿದೆ. ಭೀಮಾ ಸೇತುವೆ ದಾಟಿ, ಶಹಾಪುರದ ಮಲಗಿದ ಬುದ್ಧನ ಬೆಟ್ಟ ನೋಡುತ್ತ ಸುರಪುರಕ್ಕೆ ಹೋದೆವು. ದಾರಿಯುದ್ದಕ್ಕೂ ಏನು ಮಾತಾಡಬೇಕೆಂದು ಯೋಚಿಸಿದ್ದೇ ಬಂತು. ಹುಡುಗ ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ಕೂತಿದ್ದ. ಹತ್ತಿರ ಕೂತೆ. ಸುತ್ತುಬಳಸಿ ಕೇಳಲು ಬರಲಿಲ್ಲ. "ತಮ್ಮಾ, ನಿನಗ ಜೀವ ಬ್ಯಾಡ ಅನಸ್ತದೇನು?" ಎಂದು ನೇರವಾಗಿ ಕೇಳಿಯೇಬಿಟ್ಟೆ. ಅವನ ತಾಯಿ ಗಾಬರಿಯಾಗಿ ಸೆರಗು ಬಾಯಿಗೆ ಹಿಡಿದರು. ಕೇಳಬಾರದ್ದು ಕೇಳಿದೆನೇನೋ ಎಂದು ನನಗೂ ಅನಿಸಿತು. ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಒಮ್ಮೊಮ್ಮೆ ಅನಸ್ತದ್ರಿ ಅವ್ವಾರ. ಯಾರೂ ಕೇಳಿದ್ದಿಲ್ಲ, ನೀವು ಕೇಳಿದ್ರಿ" ಎಂದು ಅತ್ತುಬಿಟ್ಟ. ತಂದೆ ಸತ್ತಾಗಲೂ ಅವನು ಹಾಗೆ ಅತ್ತಿರಲಿಲ್ಲವೆಂದು ತಾಯಿ ಆಮೇಲೆ ಹೇಳಿದರು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಯಲ್ಲಿ ಬಿತ್ತಿದಂತಾಗುತ್ತದೆಂದು ನಮ್ಮಲ್ಲಿ ಅನೇಕರ ಹೆದರಿಕೆ. ಅದು ಹಾಗಲ್ಲವೆಂದು ವೈದ್ಯರೇ ನಮಗೆ ತಿಳಿಸಿದರು. ಪ್ರೀತಿಯಿಂದ ನೇರವಾಗಿ ಕೇಳಿದರೆ ಒಳಗಿನ ಭಾರ ಇಳಿಯುತ್ತದೆ, ಸಹಾಯಕ್ಕೆ ಬಾಗಿಲು ತೆರೆಯುತ್ತದೆ. ಅಂದೇ 14416ಕ್ಕೆ ಫೋನು ಮಾಡಿಸಿದೆವು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. 2022ರಲ್ಲಿ ಶುರುವಾದದ್ದು. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗಲೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡುತ್ತಾರೆ. ಆಮೇಲೆ ಮನೋವೈದ್ಯರನ್ನೂ ಕಂಡು ಬಂದೆವು. ಕೆಲವು ತಿಂಗಳು ಮಾತ್ರೆ ನಡೆಯಿತು. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಜ್ವರ ಬಂದರೆ ಆಸ್ಪತ್ರೆಗೆ ಹೋಗುವುದಿಲ್ಲವೆ?

ಆ ವೈದ್ಯರಿಗೆ ಹಾಡಿನ ವಿಷಯವನ್ನೂ ಹೇಳಿದೆ. ಅವರು ನಕ್ಕರು. "ಹಾಡು ಬಿಡಿಸಬೇಡಿ ತಾಯಿ, ಒಬ್ಬನೇ ಕೂತು ಕೇಳೋದು ಬಿಡಿಸಿ. ಗೆಳೆಯರನ್ನು ಮತ್ತೆ ಕರೀರಿ" ಎಂದರು. ಮುಂದಿನ ಭಾನುವಾರ ನಾನೇ ಮೂವರನ್ನೂ ಕರೆದೆ. ಒಂದು ಬುಟ್ಟಿ ಮಿರ್ಚಿಬಜ್ಜಿ, ಒಂದು ಪಾತ್ರೆ ಸುಸ್ಲಾ ಮಾಡಿಟ್ಟು ಒಂದು ಷರತ್ತು ಹಾಕಿದೆ. "ನಾನೂ ಕುಂಡರ್ತೀನಿ. ನನಗ ತಿಳಿಯಂಗ ಹೇಳ್ಬೇಕು."

ಅವರು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ನಿಮಗೂ ಹೇಳುತ್ತೇನೆ.

ಈ ಗದ್ದಲದ ಹಾಡಿನ ಬೇರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಎಂಬ ಕಾರ್ಖಾನೆಗಳ ಊರಿನಲ್ಲಿದೆಯಂತೆ. ಅಲ್ಲಿ ಟೋನಿ ಐಯೋಮಿ ಎಂಬ ಹದಿನೇಳರ ಹುಡುಗ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಕೆಲಸ ಬಿಡುವ ದಿನವೇ ಯಂತ್ರಕ್ಕೆ ಸಿಕ್ಕು ಬಲಗೈಯ ಎರಡು ಬೆರಳ ತುದಿ ಹೋದವು. ಅವನು ಎಡಚ. ಗಿಟಾರಿನ ತಂತಿ ಒತ್ತುವುದು ಬಲಗೈಯಿಂದಲೇ. ಅವನು ಪ್ಲಾಸ್ಟಿಕ್ ಬಾಟಲಿ ಕರಗಿಸಿ, ದರ್ಜಿಯವರು ಬೆರಳಿಗೆ ಹಾಕಿಕೊಳ್ಳುತ್ತಾರಲ್ಲ, ಅಂಥ ಟೊಪ್ಪಿಗೆ ಮಾಡಿಕೊಂಡ. ನೋವಾಗದಿರಲೆಂದು ತಂತಿಗಳನ್ನು ಸಡಿಲ ಮಾಡುತ್ತ ಹೋದ. ಸಡಿಲಾದ ತಂತಿಯಿಂದ ಆ ದಪ್ಪನೆಯ, ಭಾರದ ನಾದ ಹುಟ್ಟಿತು. ಅವನ ತಂಡ ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಂ ಬಂದದ್ದು 1970ರ ಫೆಬ್ರುವರಿಯಲ್ಲಿ. ಆ ತಂಡದ ಹಾಡುಗಾರ ಓಜಿ ಆಸ್‌ಬೋರ್ನ್ 2025ರ ಜುಲೈ 5ರಂದು ಅದೇ ಊರಿನಲ್ಲಿ ಕೊನೆಯ ಕಾರ್ಯಕ್ರಮ ಕೊಟ್ಟು, ಜುಲೈ 22ರಂದು ತೀರಿಕೊಂಡರು. ಅವತ್ತು ನಮ್ಮ ಪಡಸಾಲೆಯಲ್ಲಿ ಸೂತಕದ ಕಳೆ ಇತ್ತೆಂದರೆ ನೀವು ನಂಬಬೇಕು.

ಶಹಾಪುರದ ಹುಡುಗ ಈ ಕತೆ ಹೇಳುವಾಗ ತನ್ನ ಬೆರಳನ್ನೇ ನೋಡಿಕೊಳ್ಳುತ್ತಿದ್ದ. ತಾಮ್ರದ ತಂತಿ ಸುತ್ತಿ ಸುತ್ತಿ ಅವನ ಬೆರಳೂ ಜಡ್ಡುಗಟ್ಟಿವೆ. ಆ ಹಾಡು ಅವನಿಗೆ ಯಾಕೆ ತನ್ನದೆನಿಸಿತೆಂದು ನನಗೆ ಆಗ ತಿಳಿಯಿತು.

ಇದರದೇ ಒಂದು ಕವಲು ಗೋಥಿಕ್ ಮೆಟಲ್. ಇಂಗ್ಲೆಂಡಿನ ಉಣ್ಣೆ ಗಿರಣಿಗಳ ಸೀಮೆಯಾದ ಹ್ಯಾಲಿಫ್ಯಾಕ್ಸ್‌ನ ಪ್ಯಾರಡೈಸ್ ಲಾಸ್ಟ್ ಎಂಬ ತಂಡ 1991ರಲ್ಲಿ 'ಗೋಥಿಕ್' ಎಂಬ ಆಲ್ಬಂ ತಂದಿತು. ಈ ಕವಲಿಗೆ ಆ ಹೆಸರೇ ನಿಂತಿತು. ಪಾಳುಬಿದ್ದ ಕೋಟೆ, ಹಳೆಯ ಗುಡಿ, ಮಳೆ, ಅಗಲಿದವರ ನೆನಪು, ಇವೇ ಅವರ ಹಾಡಿನ ವಸ್ತು. ಗೋಥಿಕ್ ಎಂಬ ಹೆಸರು ಹಳೆಯ ಇಂಗ್ಲಿಷ್ ಕಾದಂಬರಿಗಳಿಗೂ ಇತ್ತು. 1764ರಲ್ಲಿಯೇ ಹೊರೇಸ್ ವಾಲ್ಪೋಲ್ ಎಂಬವರು ಪಾಳು ಕೋಟೆಯ ಭಯದ ಕಾದಂಬರಿಯೊಂದನ್ನು ಬರೆದಿದ್ದರಂತೆ. ಸಂಜೆ ಹೊತ್ತಿನಲ್ಲಿ ನಮ್ಮ ಯಾದಗಿರಿ ಕೋಟೆಯನ್ನು ಕೆಳಗಿನಿಂದ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

"ಗಂಡಸು ಗುರುಗುಟ್ಟೋದು ಯಾಕ?" ಎಂದು ಕೇಳಿದೆ. ಅದಕ್ಕೆ ಅವರು ನಾರ್ವೆ ದೇಶದ ಥಿಯೇಟರ್ ಆಫ್ ಟ್ರ್ಯಾಜಿಡಿ ತಂಡದ 1995ರ ಆಲ್ಬಂ ಹಚ್ಚಿದರು. ಒಂದು ಸಾಲು ಗಂಡಸಿನ ಗರ್ಜನೆ, ಒಂದು ಸಾಲು ಲಿವ್ ಕ್ರಿಸ್ಟೀನ್ ಎಂಬ ಹೆಣ್ಣುಮಗಳ ಜೇನಿನಂಥ ದನಿ. ಕೇಳುತ್ತ ಕೇಳುತ್ತ ನನಗೆ ನಮ್ಮ ದೊಡ್ಡಾಟ ನೆನಪಾಯಿತು. ರಾಕ್ಷಸನ ವೇಷ ತೆರೆಯ ಹಿಂದಿನಿಂದಲೇ ಅಬ್ಬರಿಸುತ್ತದೆ, ಮಕ್ಕಳು ತಾಯಿಯ ಸೆರಗಿಗೆ ಅಡಗುತ್ತವೆ. ಆಮೇಲೆ ಸ್ತ್ರೀ ಪಾತ್ರ ಬಂದು ಮೆಲ್ಲಗೆ ಪದ ಎತ್ತುತ್ತದೆ. ರಾಕ್ಷಸನ ಅಬ್ಬರವಿಲ್ಲದೆ ಆ ಮೆಲುದನಿಗೆ ಬೆಲೆ ಎಲ್ಲಿ? "ಇದು ನಿಮ್ಮ ದೊಡ್ಡಾಟನ ಅಲ್ಲೇನ್ರೋ?" ಅಂದೆ. ಹುಡುಗರು ಕುಣಿದಾಡಿದರು. ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆದುಕೊಂಡರು. ಇಟಲಿಯ ಲಕೂನಾ ಕಾಯ್ಲ್ ತಂಡದಲ್ಲಿ ಕ್ರಿಸ್ಟೀನಾ ಸ್ಕಾಬಿಯಾ ಎಂಬಾಕೆ ಹಾಡುತ್ತಾರೆ. ಅವರ 2002ರ 'ಕೊಮಲೀಸ್' ಆಲ್ಬಂ ನನ್ನ ಮಗಳಿಗೆ ಬಹಳ ಸೇರಿದೆ. ನನಗೂ ಅಡುಗೆ ಮಾಡುವಾಗ ಅದರದೊಂದು ರಾಗ ಗುನುಗುವ ಚಟ ಹತ್ತಿದೆ, ನಮ್ಮ ಮನೆಯವರಿಗೆ ಹೇಳಬೇಡಿ!

ಇನ್ನೊಂದು ಕವಲು ಇಂಡಸ್ಟ್ರಿಯಲ್. ಹೆಸರೇ ಹೇಳುವಂತೆ ಕಾರ್ಖಾನೆಯ ಸಪ್ಪಳವನ್ನೇ ವಾದ್ಯ ಮಾಡಿಕೊಂಡದ್ದು. 1980ರಲ್ಲಿ ಪಶ್ಚಿಮ ಬರ್ಲಿನ್ನಿನಲ್ಲಿ ಹುಟ್ಟಿದ ಒಂದು ಜರ್ಮನ್ ತಂಡದವರು ತಗಡು, ಸುತ್ತಿಗೆ, ಡ್ರಿಲ್ಲು ಬಾರಿಸಿ ಹಾಡು ಕಟ್ಟಿದರು. ಅವರ ಹೆಸರಿನ ಅರ್ಥ ಕುಸಿಯುತ್ತಿರುವ ಹೊಸ ಕಟ್ಟಡಗಳು ಎಂದು. ಮೊದಲಿಗೆ ಇದು ನನಗೆ ಹುಚ್ಚಾಟವೆನಿಸಿತು. ಆಮೇಲೆ ನನ್ನ ಅಜ್ಜಿಯ ನೆನಪಾಯಿತು. ಕೋಳಿ ಕೂಗುವ ಮೊದಲೇ ಎದ್ದು ಅಜ್ಜಿ ಬೀಸುವ ಕಲ್ಲಿನ ಮುಂದೆ ಕೂಡುತ್ತಿದ್ದಳು. ಕಲ್ಲಿನ ಘರ ಘರ ಸಪ್ಪಳವೇ ಅವಳ ತಾಳ. ಆ ತಾಳಕ್ಕೆ ತವರಿನ ನೆನಪು, ಸತ್ತ ಕೂಸಿನ ದುಃಖ, ಅತ್ತೆಯ ಕಾಟ ಎಲ್ಲವನ್ನೂ ಪದ ಮಾಡಿ ಹಾಡುತ್ತಿದ್ದಳು. ಹಗಲು ಯಾರ ಮುಂದೆಯೂ ಹೇಳಲಾಗದ್ದನ್ನು ಕತ್ತಲಲ್ಲಿ ಕಲ್ಲಿಗೆ ಹೇಳುತ್ತಿದ್ದಳು. ಯಂತ್ರದ ಸಪ್ಪಳದ ಮೇಲೆ ದುಃಖದ ಹಾಡು ಕಟ್ಟುವುದನ್ನು ಬರ್ಲಿನ್ನಿನವರಿಗಿಂತ ಮೊದಲೇ ನಮ್ಮ ಹೆಣ್ಣುಮಕ್ಕಳು ಮಾಡಿದ್ದರು ಎಂದೆ. ಹುಡುಗರು ಬಾಯಿ ಬಿಟ್ಟುಕೊಂಡು ಕೇಳಿದರು. ಅಜ್ಜಿಯ ಹಾಡುಗಳಲ್ಲಿ ನನಗೆ ನೆನಪಿದ್ದ ಎರಡನ್ನು ಆ ದಿನ ಅವರ ಮುಂದೆ ಹಾಡಿದೆ. ಸುರಪುರದವನು ಫೋನಿನಲ್ಲಿ ತುಂಬಿಕೊಂಡ.

ಆ ಪದಗಳನ್ನೂ ಉಳಿಸಿದವರು ಗೆಳೆಯರೇ ಅಲ್ಲವೆ? ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಕೂಡಿ ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಬರೆದುಕೊಂಡು 'ಗರತಿಯ ಹಾಡು' ಸಂಗ್ರಹ ತಂದರು. ಆ ಕಾಲದಲ್ಲಿ, ಗಂಡು ಹುಡುಗರು ಹೆಂಗಸರ ಬೀಸುವ ಪದದ ಹಿಂದೆ ಬಿದ್ದಿದ್ದಾರಲ್ಲ ಎಂದು ನಕ್ಕವರೂ ಇದ್ದಿರಬೇಕು.

ಈಗ ನಾನು ವೈರು ಕಿತ್ತ ಆಲ್ಬಮ್ಮಿನ ವಿಷಯಕ್ಕೆ ಬರುತ್ತೇನೆ. ಅದು ಅಮೆರಿಕೆಯ ನ್ಯೂಯಾರ್ಕಿನ ಟೈಪ್ ಓ ನೆಗೆಟಿವ್ ತಂಡದ್ದು, 1999ರದು. ಅದರ ಹಾಡುಗಾರ ಪೀಟರ್ ಸ್ಟೀಲ್ ಮೊದಲು ಆ ನಗರದ ಉದ್ಯಾನ ಇಲಾಖೆಯಲ್ಲಿ ನೌಕರಿ ಮಾಡುತ್ತಿದ್ದರು. ಮನೆಯವರ ಸಾವುಗಳ ದುಃಖದಲ್ಲಿ ಆ ಹಾಡುಗಳನ್ನು ಕಟ್ಟಿದರಂತೆ. "ನಿನಗ ಅದನ್ನ ಕೇಳಿ ಏನನಸ್ತದ?" ಎಂದು ಸುರಪುರದವನನ್ನು ಕೇಳಿದೆ. ಅವನ ಉತ್ತರ ಇನ್ನೂ ನನ್ನ ಕಿವಿಯಲ್ಲಿದೆ. "ಅಪ್ಪ ಸತ್ತಾಗ ಎಲ್ಲಾರೂ ಬಂದು, ಧೈರ್ಯ ತಗೋ, ನೀನ ಮನಿಗೆ ಹಿರಿಯ, ಅಳಬ್ಯಾಡ ಅಂದ್ರು ಅವ್ವಾರ. ಈ ಹಾಡುಗಾರ ಒಬ್ಬನ, ನನಗೂ ಹಿಂಗ ಆಗೇದ ಅಂದಂಗಾತು."

ನಾನೂ ಅವನಿಗೆ ಧೈರ್ಯ ತಗೋ ಎಂದವಳೇ. ಏನು ಹೇಳಲಿ?

ಆದರೆ ಹುಡುಗರು ನನಗೆ ಇನ್ನೊಂದನ್ನೂ ಮುಚ್ಚಿಡದೆ ಹೇಳಿದರು. ಅವರ ಪಟ್ಟಿಯಲ್ಲಿ ಒಂಟಿಯಾಗಿ ಕೇಳಬಾರದ ಆಲ್ಬಂಗಳೂ ಇವೆ. ಅಮೆರಿಕೆಯ ನೈನ್ ಇಂಚ್ ನೇಲ್ಸ್‌ನ 1994ರ ಆಲ್ಬಂ ಅಂಥದು. ಟ್ರೆಂಟ್ ರೆಜ್ನರ್ ಎಂಬವರು ಬರೆದದ್ದು. ಒಬ್ಬ ಮನುಷ್ಯ ಮೆಟ್ಟಿಲು ಮೆಟ್ಟಿಲಾಗಿ ಹಾಳಾಗುವ ಕತೆ. ಇಂಡಸ್ಟ್ರಿಯಲ್ ರಾಕ್‌ನಲ್ಲಿ ದೊಡ್ಡ ಹೆಸರು ಅದಕ್ಕೆ. ಸುರಪುರದವನಿಗೆ ಮನಸ್ಸು ಸರಿಯಿಲ್ಲದಾಗ ಉಳಿದಿಬ್ಬರು ಅದನ್ನು ಹಚ್ಚುತ್ತಿರಲಿಲ್ಲ, ಅವನ ಫೋನಿನಿಂದಲೂ ತೆಗೆಸಿದ್ದರು. ನಾವು ದೊಡ್ಡವರು ನಿದ್ದೆ ಹೋಗಿದ್ದಾಗ ಇಪ್ಪತ್ತೆರಡರ ಹುಡುಗರು ಎಚ್ಚರಿದ್ದರು ನೋಡಿ.

ಅದೇ ಆಲ್ಬಮ್ಮಿನ ಕೊನೆಯ ಹಾಡನ್ನು 2002ರಲ್ಲಿ ಜಾನಿ ಕ್ಯಾಶ್ ಎಂಬ ಎಪ್ಪತ್ತರ ಮುದುಕ ಹಾಡಿದರು. ಅವರು ಅಮೆರಿಕೆಯ ಹಳ್ಳಿಗಾಡಿನ ಹಾಡುಗಳಿಗೆ ಹೆಸರಾದವರು. ಆ ಹಾಡಿನ ಚಿತ್ರವನ್ನು ಮಗ ನನಗೆ ತೋರಿಸಿದ. ನಡುಗುವ ಕೈ, ಮುರುಟಿದ ಮುಖ. ಹಿಂದೆ ನಿಂತು ಅವರ ಹೆಂಡತಿ ಜೂನ್ ಕಾರ್ಟರ್ ಗಂಡನನ್ನೇ ನೋಡುತ್ತಿದ್ದಾರೆ. ಆ ನೋಟಕ್ಕೆ ಭಾಷೆ ಬೇಕಿಲ್ಲ. ಮರುವರ್ಷ 2003ರ ಮೇ ತಿಂಗಳಲ್ಲಿ ಆಕೆ ತೀರಿಕೊಂಡರು, ಸೆಪ್ಟೆಂಬರಿನಲ್ಲಿ ಅವರೂ ಹೋದರು. ಯೌವನದ ಹತಾಶೆಯಲ್ಲಿ ಬರೆದ ಪದವೇ ಮುದುಕನ ಗಂಟಲಲ್ಲಿ ಬಾಳಿನ ಲೆಕ್ಕ ಒಪ್ಪಿಸಿದಂತಾಯಿತು. ನಮ್ಮ ತತ್ವಪದಗಳೂ ಹೀಗೆಯೇ ಅಲ್ಲವೆ? ಕಡಕೋಳ ಮಡಿವಾಳಪ್ಪನವರ ಪದ ಇಪ್ಪತ್ತರಲ್ಲಿ ಕೇಳಿದಾಗ ಒಂದು ಅರ್ಥ, ಅರವತ್ತರಲ್ಲಿ ಇನ್ನೊಂದು.

ಯೋಚಿಸಿ ನೋಡಿ. ಮೊಹರಂನಲ್ಲಿ ನಮ್ಮ ಹಳ್ಳಿಗಳಲ್ಲಿ ಜಾತಿಮತ ನೋಡದೆ ಎಲ್ಲರೂ ಕೂಡಿ ಕರ್ಬಲಾದ ಶೋಕದ ರಿವಾಯತ್ ಪದ ಹಾಡುತ್ತಾರೆ. 680ನೆಯ ಇಸವಿಯಲ್ಲಿ ಸತ್ತವರಿಗಾಗಿ ಇಂದಿಗೂ ಅಳುತ್ತಾರೆ. 1994ರಲ್ಲಿ 'ಹಾಲುಂಡ ತವರು' ಬಂದಾಗ ನಾವು ಹುಡುಗಿಯರು ಅದರ ಕ್ಯಾಸೆಟ್ಟು ಸವೆಯುವ ತನಕ ಕೇಳಿ ಕೇಳಿ ಅತ್ತೆವು. ಅತ್ತು ಹಗುರಾಗಿ ಎದ್ದು ಬಟ್ಟೆ ಒಗೆಯಲು ಹೋದೆವು. ನಮ್ಮ ತಲೆ ಕೆಡುತ್ತದೆಂದು ಯಾರಾದರೂ ಟೇಪ್ ರೆಕಾರ್ಡರಿನ ವೈರು ಕಿತ್ತರೆ?

ಈ ಹೆದರಿಕೆ ನಮಗೊಬ್ಬರಿಗೇ ಬಂದದ್ದೂ ಅಲ್ಲ. ಅಮೆರಿಕೆಯಲ್ಲಿ 1985ರಲ್ಲಿ ತಾಯಂದಿರ ಒಂದು ಗುಂಪು ಇಂಥ ಹಾಡುಗಳ ವಿರುದ್ಧ ದನಿ ಎತ್ತಿ ವಿಷಯ ಅಲ್ಲಿನ ಸೆನೆಟ್ಟಿನವರೆಗೆ ಹೋಯಿತು. ಅಶ್ಲೀಲ ಮಾತಿರುವ ಆಲ್ಬಮ್ಮಿನ ಮೇಲೆ ತಂದೆತಾಯಿಗೆ ಎಚ್ಚರಿಕೆಯ ಚೀಟಿ ಅಂಟಿಸುವ ಪದ್ಧತಿ ಬಂದದ್ದು ಅದರಿಂದಲೇ. 1990ರಲ್ಲಿ ಜುಡಾಸ್ ಪ್ರೀಸ್ಟ್ ಎಂಬ ತಂಡದ ಮೇಲೆ, ಹಾಡು ಕೇಳಿ ಮಕ್ಕಳು ಜೀವ ಕಳೆದುಕೊಂಡರೆಂದು ಮೊಕದ್ದಮೆಯೂ ನಡೆಯಿತು. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಆ ತಂದೆತಾಯಿಯ ಸಂಕಟ ಮಾತ್ರ ಸುಳ್ಳಲ್ಲ. ಮಕ್ಕಳು ಹೋದ ಮೇಲೆ ಯಾವುದಾದರೂ ಕಾರಣ ಬೇಕೆನಿಸುತ್ತದೆ, ಕಣ್ಣಿಗೆ ಕಾಣುವುದು ಹಾಡೊಂದೇ.

ನಮ್ಮ ನಾಡಿನಲ್ಲೂ ಇದಕ್ಕೆ ಕೇಳುಗರು ಹೊಸಬರಲ್ಲ. 2007ರ ಮಾರ್ಚ್ 17ರಂದು ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ತಂಡ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿಹೋದವು. ಕ್ರಿಪ್ಟೋಸ್ ಎಂಬ ಬೆಂಗಳೂರಿನದೇ ತಂಡ 1998ರಿಂದ ಇದೆ. ಬೆಂಗಳೂರಿನವರಿಗೆ ಅರಮನೆ ಮೈದಾನ, ನಮ್ಮ ಮೂವರಿಗೆ ಶಹಾಬಾದಿ ಪರಸಿ, ಅಷ್ಟೇ ವ್ಯತ್ಯಾಸ.

ಹಾಗಾದರೆ ತಾಯಂದಿರು ಏನು ಮಾಡಬೇಕು? ನಾನು ಕಲಿತದ್ದನ್ನು ಹೇಳುತ್ತೇನೆ.

ಒಂದು, ಹಾಡನ್ನು ನೋಡಿ ಹೆದರಬೇಡಿ, ಹುಡುಗನನ್ನು ನೋಡಿ. ಊಟ, ನಿದ್ದೆ, ಸ್ನಾನ ಸರಿಯಾಗಿದೆಯೆ? ಗೆಳೆಯರ ಜೊತೆ ಇದ್ದಾನೆಯೆ? ಇವು ಸರಿಯಿದ್ದರೆ ಹಾಡು ಎಷ್ಟು ಕಪ್ಪಾಗಿದ್ದರೂ ಚಿಂತೆಯಿಲ್ಲ. ಇವು ಕೆಟ್ಟರೆ, ತನಗೆ ಪ್ರೀತಿಯ ವಸ್ತುಗಳನ್ನು ಹಂಚತೊಡಗಿದರೆ, ತಾನಿದ್ದು ಏನು ಪ್ರಯೋಜನ ಎಂಬಂಥ ಮಾತಾಡಿದರೆ, ಅವನು ಭಜನೆಯನ್ನೇ ಕೇಳುತ್ತಿದ್ದರೂ ಸುಮ್ಮನಿರಬೇಡಿ. ನೇರವಾಗಿ ಕೇಳಿ, ಒಬ್ಬನೇ ಬಿಡಬೇಡಿ, ವೈದ್ಯರಲ್ಲಿಗೆ ಕರೆದೊಯ್ಯಿರಿ. 14416 ಸಂಖ್ಯೆಯನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.

ಎರಡು, ಒಮ್ಮೆಯಾದರೂ ಜೊತೆಗೆ ಕೂತು ಕೇಳಿ. ನಿಮಗೆ ಸೇರಬೇಕೆಂದಿಲ್ಲ. "ಇದರಲ್ಲಿ ನಿನಗೇನು ಇಷ್ಟ?" ಎಂದು ಕೇಳಿದರೆ ಸಾಕು, ಆರು ತಿಂಗಳು ಬಾಯಿ ಬಿಡದವನು ಅರ್ಧ ಗಂಟೆ ಮಾತಾಡುತ್ತಾನೆ. ಕೇಳಿದ ಮೇಲೆ ನಿಮಗೆ ಬೇಡವೆನಿಸಿದ್ದನ್ನು ಬೇಡವೆಂದು ಹೇಳಿ. ಹೆಣ್ಣುಮಕ್ಕಳನ್ನು ಕೀಳಾಗಿ ಆಡುವ ಹಾಡೂ ಈ ಗುಂಪಿನಲ್ಲಿವೆ. ಅಂಥದೊಂದನ್ನು ನಾನು ನಿಲ್ಲಿಸಿಸಿದೆ. ಕೇಳಿ ಹೇಳಿದ ಮಾತಾದ್ದರಿಂದ ಹುಡುಗರು ಎದುರಾಡಲಿಲ್ಲ.

ಮೂರು, ಕಿವಿಯ ಮೇಲೆ ಕಣ್ಣಿರಲಿ. 80 ಡೆಸಿಬೆಲ್ ಸದ್ದಾದರೆ ವಾರಕ್ಕೆ 40 ಗಂಟೆಗಿಂತ ಹೆಚ್ಚು ಕೇಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಸದ್ದು ಏರಿದಷ್ಟೂ ಹೊತ್ತು ಇಳಿಯಬೇಕು. ನಮಗೆ ತಿಳಿಯುವ ಲೆಕ್ಕವೆಂದರೆ, ಫೋನಿನ ಸದ್ದು ನೂರಕ್ಕೆ ಅರವತ್ತು ದಾಟದಿರಲಿ.

ಮಾತು ಉದ್ದವಾಯಿತು. ಸುಸ್ಲಾ ಮಾಡುವ ಬಗೆ ಹೇಳದೆ ಮುಗಿಸಿದರೆ ನೀವು ಬಿಡುವುದಿಲ್ಲ. ನಾಲ್ಕು ಮಂದಿಗೆ ಅರ್ಧ ಸೇರು ಚುರುಮುರಿ ಬೇಕು. ದಪ್ಪ ಚುರುಮುರಿಯೇ ಒಳ್ಳೆಯದು. ನೀರಿನಲ್ಲಿ ಅದ್ದಿದೊಡನೆ ತೆಗೆದು ಹಿಂಡಿಡಿ. ಬಹಳ ಹೊತ್ತು ನೆನೆದರೆ ಮುದ್ದೆಯಾಗುತ್ತದೆ. ಬಾಣಲೆಯಲ್ಲಿ ಎಣ್ಣೆ ಕಾಸಿ ಸಾಸಿವೆ, ಜೀರಿಗೆ, ಶೇಂಗಾ, ಕರಿಬೇವು, ಹಸಿಮೆಣಸಿನಕಾಯಿ ಹಾಕಿ. ಎರಡು ಉಳ್ಳಾಗಡ್ಡಿ ಹೆಚ್ಚಿ ಹಾಕಿ ಮೆತ್ತಗಾದ ಮೇಲೆ ಅರಿಶಿನ, ಉಪ್ಪು ಸೇರಿಸಿ. ಒಂದು ಟೊಮೆಟೊ ಹಾಕಿದರೂ ಚಂದ. ಹಿಂಡಿದ ಚುರುಮುರಿ ಹಾಕಿ ಕೈಯಾಡಿಸಿ, ಮೇಲೆ ನಾಲ್ಕು ಚಮಚ ಪುಟಾಣಿ ಹಿಟ್ಟು ಉದುರಿಸಿ, ಸಣ್ಣ ಉರಿಯಲ್ಲಿ ಎರಡು ನಿಮಿಷ ಮುಚ್ಚಿಡಿ. ಇಳಿಸಿದ ಮೇಲೆ ಲಿಂಬೆಹುಳಿ, ಕೊತ್ತಂಬರಿ. ಬಿಸಿಯಿದ್ದಾಗಲೇ ಮಿರ್ಚಿಬಜ್ಜಿಯ ಜೊತೆ ಕೊಡಿ.

ಸುರಪುರದ ಹುಡುಗ ಈಗ ಕಡೇಚೂರಿನ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಪಾಳಿ ಇಲ್ಲದ ಭಾನುವಾರ ತಪ್ಪದೆ ಬರುತ್ತಾನೆ. ಹೋದ ವಾರ ತಾಯಿಯನ್ನೂ ಕರೆತಂದಿದ್ದ. ನಾನೂ ಆಕೆಯೂ ಅಡುಗೆಮನೆಯಲ್ಲಿ ಬಜ್ಜಿ ಕರಿಯುತ್ತಿದ್ದೆವು. ಪಡಸಾಲೆಯಲ್ಲಿ ಮೂವರೂ ಯಾವುದೋ ಹಾಡಿಗೆ ಏಳು ಕೊಡಬೇಕೋ ಎಂಟು ಕೊಡಬೇಕೋ ಎಂದು ಜಗಳಾಡುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಕೇಳುತ್ತಿದ್ದದ್ದು ಸುರಪುರದವನ ದನಿ. ಆಕೆ ಜಾರಿ ಕೈಯಲ್ಲಿ ಹಿಡಿದು ಸುಮ್ಮನೆ ನಿಂತು ಕೇಳಿದರು.

"ಎಷ್ಟ ಒದರ್ತಾನ ನೋಡ್ರಿ ಅಕ್ಕಾರ" ಎಂದರು. "ಒದರಲಿ ಬಿಡು ತಂಗಿ" ಅಂದೆ.

ನಿಮ್ಮ ಮನೆಯ ಪಡಸಾಲೆಯ ಗದ್ದಲದ ವಿಷಯ ನನಗೂ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಕಾಗೆ, ಹಪ್ಪಳ ಖಂಡಿತ.